ಮಾಗಡಿಯ ಬಾತುಗಳಿಗಾಗಿ ಟೋಕಿಯೊದ ಲೆನ್ಸ್

ಗದಗ ಜಿಲ್ಲೆಯ ಶಿರಹಟ್ಟಿ ಬಳಿಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಹೊತ್ತಿನಲ್ಲಿ ನಡುನೀರು ಬಿಟ್ಟು ಕದಲುವುದು ಕಡಿಮೆ. ದಂಡೆಯಿಂದ ಅವುಗಳ ಕಣ್ಣನ್ನು ಚಿತ್ರದಲ್ಲಿ ಹಿಡಿಯಬೇಕಾದರೆ, ದೂರದ್ದನ್ನು ಹತ್ತಿರ ತರುವ 500 ಎಂ.ಎಂ. ಲೆನ್ಸಾದರೂ ಬೇಕು. ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ 2024ರಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಗದಗಿನ ಗೆಳೆಯನೊಡನೆ ಜಪಾನಿಗೆ ಹೊರಟಾಗ ಅಂಥದೊಂದು ಲೆನ್ಸನ್ನು ಅಲ್ಲಿಯೇ ಕೊಳ್ಳುವ ವಿಚಾರವಿತ್ತು.

ಹುಬ್ಬಳ್ಳಿಯಲ್ಲಿ ವಿಚಾರಿಸಿರಲಿಲ್ಲವೆಂದಲ್ಲ. ಕೊಪ್ಪಿಕರ ರಸ್ತೆಯ ಅಂಗಡಿಯವರು, "ಎಂಟ್ಹತ್ತು ಲಕ್ಷದ ಮಾಲ್ ತಂದು ಇಟ್ಕೊಂಡ್ರ ಅದರ ಬಡ್ಡಿ ಯಾರ್ ಕಟ್ಟಬೇಕ್ರೀ ಸರ? ಅಡ್ವಾನ್ಸ್ ಕೊಡ್ರಿ, ತರಿಸಿ ಕೊಡ್ತೀನಿ" ಎಂದರು. ಅವರ ಲೆಕ್ಕ ಸರಿಯೇ. ಆದರೆ ಮೂರು ಕಿಲೋ ತೂಗುವ ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಅಷ್ಟು ಹಣ ಕೊಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಬೆಂಗಳೂರಿನಿಂದ ಹೊರಡುವ ಮುನ್ನ ನಮ್ಮ ಹಳೆಯ ಕ್ಯಾಮೆರಾಗಳನ್ನು ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ, ಸೀರಿಯಲ್ ನಂಬರ್ ಸಹಿತ ರಫ್ತು ಪ್ರಮಾಣಪತ್ರ ಪಡೆದೆವು. ಇದಿಲ್ಲದಿದ್ದರೆ ಮರಳುವಾಗ ನಮ್ಮದೇ ಸಾಮಾನು ನಮ್ಮದೆಂದು ಸಾಧಿಸುವ ಪಾಡು ಬರಬಹುದು.

ಸಿಂಗಪುರದಲ್ಲಿ ವಿಮಾನ ಬದಲಿಸುವ ನಡುವೆ ಸಿಟಿ ಹಾಲ್ ಸಮೀಪದ ಕ್ಯಾಮೆರಾ ಅಂಗಡಿಗಳನ್ನು ಸುತ್ತಿದೆವು. ಅಲ್ಲಿ ಒಂದೇ ಲೆನ್ಸಿಗೆ ಎರಡು ಬೆಲೆ. 'ಲೋಕಲ್ ಸೆಟ್' ಎಂದರೆ ಆ ದೇಶದ ಅಧಿಕೃತ ವಿತರಕರ ವಾರಂಟಿ ಇರುವ ಮಾಲು. 'ಎಕ್ಸ್‌ಪೋರ್ಟ್ ಸೆಟ್' ಎಂದರೆ ಬೇರೆ ದಾರಿಯಿಂದ ಬಂದ, ಅಂಗಡಿಯ ಮಾತೇ ವಾರಂಟಿಯಾಗಿರುವ, ಅಗ್ಗದ ಮಾಲು. ಶೇ. 9ರ ಜಿಎಸ್‌ಟಿಯನ್ನು ಪ್ರವಾಸಿಗರು ಚಾಂಗಿ ವಿಮಾನ ನಿಲ್ದಾಣದಲ್ಲಿ ಮರಳಿ ಪಡೆಯಬಹುದಾದರೂ ನಿರ್ವಹಣಾ ಶುಲ್ಕ ಕಳೆದು ಉಳಿದದ್ದೇ ಕೈಗೆ ಬರುತ್ತದೆ. ನಾವು ಬರಿಗೈಯಲ್ಲಿ ಹೊರಬಂದೆವು.

ಟೋಕಿಯೊದ ಶಿಂಜುಕು ನಿಲ್ದಾಣದ ಪಶ್ಚಿಮಕ್ಕಿರುವ ಅಂಗಡಿಗಳ ಸಾಲನ್ನು ನೋಡಿದಾಗ ಮಾತ್ರ ನಾನು ಸೋತೆ. ಹುಬ್ಬಳ್ಳಿಯಲ್ಲಿ ಚಿತ್ರದಲ್ಲಷ್ಟೇ ಕಂಡಿದ್ದ ಲೆನ್ಸುಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಬಳಸಿದ 500 ಎಂ.ಎಂ. ಎಫ್/4 (ಬೆಳಕನ್ನು ಹೆಚ್ಚು ಒಳಬಿಡುವ) ಲೆನ್ಸ್ ಒಂದರ ಕೊರಳಿಗೆ ಪುಟ್ಟ ಚೀಟಿ. ಫೋನಿನಲ್ಲಿ ಅನುವಾದಿಸಿ ಓದಿದರೆ, ಒಳಗಾಜಿನಲ್ಲಿ ಒಂದೆರಡು ಧೂಳಿನ ಕಣ, ಹುಡ್‌ನ (ಲೆನ್ಸಿನ ಮುಂದಿನ ನೆರಳು ಕವಚದ) ಅಂಚಿನಲ್ಲಿ ಉಜ್ಜಿದ ಗುರುತು, ಆಟೋಫೋಕಸ್ ಸರಿಯಿದೆ ಎಂದಿತ್ತು. ಹುಡುಕಿದರೂ ನಮಗೆ ಅದಕ್ಕಿಂತ ಹೆಚ್ಚಿನ ದೋಷ ಸಿಗಲಿಲ್ಲ. ಮಾರುವವನೇ ಹುಳುಕು ಬರೆದಿಡುವ ಈ ಪದ್ಧತಿ ನಮ್ಮಲ್ಲಿಗೂ ಬರಬಾರದೇ ಎನ್ನಿಸಿತು. ಅದನ್ನೇ ಕೊಂಡೆ. ಪಾಸ್‌ಪೋರ್ಟ್ ತೋರಿಸಿದ್ದರಿಂದ ಶೇ. 10ರ ಬಳಕೆ ತೆರಿಗೆ ಅಲ್ಲಿಯೇ ಬಿಟ್ಟುಹೋಯಿತು. ಗೆಳೆಯನಿಗೆ ಹೊಸ ಸೋನಿ ಬಾಡಿಯ ಮೇಲೆ ಮನಸ್ಸಾಗಿತ್ತು, ಆದರೆ ಜಪಾನಿನ ಮಾರುಕಟ್ಟೆಗೆಂದು ಮಾಡಿದ ಆ ಕ್ಯಾಮೆರಾದ ಮೆನುವಿನಲ್ಲಿ ಜಪಾನಿ ಬಿಟ್ಟು ಬೇರೆ ಭಾಷೆಯೇ ಇರಲಿಲ್ಲ. ಲೆನ್ಸಿಗೆ ಆ ತೊಡಕಿಲ್ಲ.

ಲೆನ್ಸಿನ ಬೆಲೆ ನಮ್ಮ ಹಣದಲ್ಲಿ ಸುಮಾರು ನಾಲ್ಕು ಲಕ್ಷ. ನಮ್ಮಿಬ್ಬರ ಸುಂಕ ವಿನಾಯಿತಿ ಕೂಡಿಸಿದರೆ ಒಂದು ಲಕ್ಷದ ಮೇಲಿನ ಸುಂಕ ತಪ್ಪುತ್ತದೆಂದು ಗೆಳೆಯ ಲೆಕ್ಕ ಹಾಕಿದ್ದ. ಬೆಂಗಳೂರಿನ ರೆಡ್ ಚಾನೆಲ್‌ನಲ್ಲಿ (ಸುಂಕದ ಸಾಮಾನು ಇದೆಯೆಂದು ಹೇಳಿಕೊಳ್ಳುವ ದಾರಿಯಲ್ಲಿ) ಅದು ನಡೆಯಲಿಲ್ಲ; ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ವಿನಾಯಿತಿ ತಲೆಗೆ 50,000 ರೂಪಾಯಿ ಇತ್ತು, ಒಬ್ಬರದನ್ನು ಇನ್ನೊಬ್ಬರದಕ್ಕೆ ಸೇರಿಸುವಂತಿರಲಿಲ್ಲ. ಉಳಿದ ಮೂರೂವರೆ ಲಕ್ಷಕ್ಕೆ ಶೇ. 35ರ ಸುಂಕ, ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಹೀಗೆ ಶೇ. 38.5ರಂತೆ 1,34,750 ರೂಪಾಯಿ ಕಟ್ಟಬೇಕಾಯಿತು. ಸುಂಕದ ಸಾಮಾನಿಲ್ಲದವರ ಗ್ರೀನ್ ಚಾನೆಲ್‌ನಲ್ಲಿ ಸುಮ್ಮನೆ ನಡೆದುಬಿಡಿ ಎಂದು ಸಲಹೆ ಕೊಟ್ಟವರು ಊರಲ್ಲಿ ಬೇಕಾದಷ್ಟಿದ್ದರು. ಸಿಕ್ಕಿಬಿದ್ದರೆ ಲೆನ್ಸನ್ನೇ ಮುಟ್ಟುಗೋಲು ಹಾಕಿಕೊಳ್ಳಬಹುದೆಂಬುದನ್ನು ಅವರಲ್ಲಿ ಯಾರೂ ಹೇಳಿರಲಿಲ್ಲ.

ಇಷ್ಟಾದರೂ ಇಲ್ಲಿ ಹೊಸದಕ್ಕೆ ಕೇಳಿದ ಬೆಲೆಗಿಂತ ಕಡಿಮೆಯೇ ಆಯಿತು. ಜಪಾನಿನ ಬಿಲ್ಲಿಗೆ ಇಲ್ಲಿ ವಾರಂಟಿ ಸಿಗದು, ಆದ್ದರಿಂದ ದುರಸ್ತಿ ಬಂದರೆ ಖರ್ಚೆಲ್ಲ ನಮ್ಮದೇ. ಸುಂಕದ ರಸೀದಿಯನ್ನು ಲೆನ್ಸಿನ ಚೀಲದಲ್ಲಿಯೇ ಇಟ್ಟಿದ್ದೇನೆ. ಮುಂದೆಂದಾದರೂ ಇದನ್ನು ಹೊತ್ತು ದೇಶ ದಾಟುವಾಗ ರಫ್ತು ಪ್ರಮಾಣಪತ್ರಕ್ಕೆ ಅದು ಬೇಕಾದೀತು.