ಟಿಬೆಟ್ಟಿನ ತಂತಿ ಕಚೇರಿಯನ್ನು ಪುಕ್ಕಟೆ ಯಾಕೆ ಕೊಟ್ಟೆವು?

ನನ್ನ ಅಂಚೆಚೀಟಿ ಸಂಗ್ರಹ ನೋಡಲು ಬಂದವರೆಲ್ಲ ಒಂದು ಲಕೋಟೆಯ ಹತ್ತಿರ ನಿಂತುಬಿಡುತ್ತಾರೆ. ಆರನೇ ಜಾರ್ಜ್ ದೊರೆಯ ಮುಖವಿರುವ ಭಾರತದ ಚೀಟಿ. ಅದರ ಮೇಲೆ ದುಂಡಗಿನ ಕಪ್ಪು ಮುದ್ರೆ. ಊರಿನ ಹೆಸರು ಗ್ಯಾಂಟ್ಸೆ.

"ಇದು ಟಿಬೆಟ್ ಅಲ್ವಾ? ಅಲ್ಲಿ ನಮ್ಮ ಅಂಚೆ ಕಚೇರಿ ಇತ್ತಾ?"

ಇತ್ತು. ಅಂಚೆ, ತಂತಿ (ಟೆಲಿಗ್ರಾಫ್), ಟೆಲಿಫೋನ್ ಮೂರನ್ನೂ ನಾವೇ ನಡೆಸುತ್ತಿದ್ದೆವು. 1955ರ ಏಪ್ರಿಲ್ 1ರಂದು ಹಣ ಪಡೆಯದೆ ಅವನ್ನು ಚೀನಾಕ್ಕೆ ಒಪ್ಪಿಸಿದೆವು ಎಂದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: "ಪುಕ್ಕಟೆ ಯಾಕೆ ಕೊಟ್ಟರು?"

ಆ ತಂತಿ ಅಲ್ಲಿಗೆ ಹೋದದ್ದು ಹೇಗೆ ಅನ್ನುವುದರಲ್ಲೇ ಅರ್ಧ ಉತ್ತರವಿದೆ. 1904ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್‌ನ ದಂಡು ಲಾಸಾಕ್ಕೆ ನುಗ್ಗಿತು. ದಂಡಿನ ಬೆನ್ನಿಗೇ ಕಂಬ ನೆಟ್ಟು ಗ್ಯಾಂಟ್ಸೆಗೆ ತಂತಿ ಎಳೆದರು. ಟಿಬೆಟ್ಟಿನವರು ಕರೆದು ಕೊಟ್ಟ ಹಕ್ಕಲ್ಲ ಅದು. 1906ರಲ್ಲಿ ಬ್ರಿಟಿಷರು ಚೀನಾದ ಜೊತೆ ಕೂತು ಅದಕ್ಕೆ ಒಪ್ಪಿಗೆ ಬರೆಸಿಕೊಂಡರು. 1908ರ ವ್ಯಾಪಾರ ನಿಯಮಗಳಲ್ಲಿ ಇನ್ನೊಂದು ಮಾತು ಸೇರಿತು: ಚೀನಾದ ತಂತಿ ಗ್ಯಾಂಟ್ಸೆಗೆ ಬಂದು ಮುಟ್ಟಿದಾಗ ಈ ತಂತಿಯನ್ನು ಅವರಿಗೆ ವಹಿಸುವ ವಿಚಾರ ಮಾಡುತ್ತೇವೆ ಎಂದು. ಬಿಟ್ಟುಕೊಡುವ ಮಾತು ನೆಹರೂ ಕಾಲದಲ್ಲಿ ಹುಟ್ಟಿದ್ದಲ್ಲ.

ಗ್ಯಾಂಟ್ಸೆಯಿಂದ ಲಾಸಾಕ್ಕೆ 1922ರಲ್ಲಿ ಹೋದ ತಂತಿಯ ಕಥೆ ಬೇರೆ. ಅದು ಟಿಬೆಟ್ ಸರ್ಕಾರದ್ದೇ. ಇಂಗ್ಲೆಂಡಿನಲ್ಲಿ ಓದಿ ಬಂದ ಕೀಬು ಎಂಬ ಟಿಬೆಟನ್ ಯುವಕ ಲಾಸಾದ ತಂತಿ ಕಚೇರಿ ನೋಡಿಕೊಂಡ. ತಂತಿಗೆ ಅವರ ಮಾತಿನಲ್ಲಿ 'ತಾರ್' ಅನ್ನುತ್ತಾರೆ. ನಮ್ಮ ಕಡೆಯಿಂದ ಹೋದ ಪದ. ಇದು ನನಗೆ ತುಂಬಾ ಇಷ್ಟವಾದ ವಿಷಯ.

1951ರಲ್ಲಿ ಚೀನಾ ಸೈನ್ಯ ಲಾಸಾಕ್ಕೆ ಬಂತು. 1953ರ ಡಿಸೆಂಬರ್ 31ರಂದು ಬೀಜಿಂಗ್‌ನಲ್ಲಿ ಟಿಬೆಟ್ ಬಗ್ಗೆ ಭಾರತ, ಚೀನಾ ಮಾತುಕತೆ ಶುರುವಾಯಿತು. ನಾಲ್ಕು ತಿಂಗಳ ಮೇಲೆ, 1954ರ ಏಪ್ರಿಲ್ 29ರಂದು, ನಮ್ಮ ರಾಯಭಾರಿ ಎನ್. ರಾಘವನ್ ಮತ್ತು ಚೀನಾದ ಜಾಂಗ್ ಹಾನ್‌ಫು ಸಹಿ ಹಾಕಿದರು. ಪಂಚಶೀಲ ಎಂದು ನಾವು ಶಾಲೆಯಲ್ಲಿ ಓದುವುದು ಇದೇ ಒಪ್ಪಂದದ ಪೀಠಿಕೆ. ಜೊತೆಗಿದ್ದ ಪತ್ರದಲ್ಲಿ ತಂತಿ, ಟೆಲಿಫೋನ್ ಸಲಕರಣೆಯನ್ನು "ಸಮಂಜಸ ಬೆಲೆಗೆ" ಕೊಡುತ್ತೇವೆ ಎಂದಿತ್ತು. ಕೊನೆಗೆ ಸ್ನೇಹದ ಗುರುತಾಗಿ ಆ ಬೆಲೆಯನ್ನೂ ಬಿಟ್ಟರು. ಯಾಟುಂಗ್, ಗ್ಯಾಂಟ್ಸೆಗಳಲ್ಲಿದ್ದ ನಮ್ಮ ಕಾವಲು ಪಡೆಯನ್ನು ಆರು ತಿಂಗಳಲ್ಲಿ ವಾಪಸ್ ಕರೆಸುವುದೂ ಅದೇ ಪತ್ರದಲ್ಲಿತ್ತು. ಬೇರೆಯವರ ನೆಲದಲ್ಲಿ, ಕಾವಲಿಲ್ಲದೆ, ಆ ಕಂಬಗಳನ್ನು ಎಷ್ಟು ದಿನ ಕಾಯಲು ಆಗುತ್ತಿತ್ತು?

ಹಾಗಾಗಿ ತಂತಿ ಕೊಟ್ಟದ್ದು ತಪ್ಪಲ್ಲ ಎನ್ನುತ್ತೇನೆ ನಾನು. ದುಡ್ಡಿನ ಲೆಕ್ಕವಂತೂ ಜಾಸ್ತಿ ದೊಡ್ಡದಲ್ಲ. ನನ್ನನ್ನು ಕಾಡುವುದು ಬೇರೆ ಎರಡು. ಒಪ್ಪಂದದಲ್ಲಿ ಶಿಪ್ಕಿ ಲಾ, ಲಿಪುಲೇಖ್ ಸೇರಿ ಆರು ಕಣಿವೆ ದಾರಿಗಳ ಹೆಸರಿದೆ, ಗಡಿ ಎಲ್ಲಿ ಎಂಬ ಒಂದು ಸಾಲಿಲ್ಲ. ಕೈಯಲ್ಲಿದ್ದದ್ದನ್ನೆಲ್ಲ ಕೊಡುವಾಗ ಅದನ್ನು ಬರೆಸಿಕೊಳ್ಳಬೇಕಿತ್ತು.

ಇನ್ನೊಂದು, 1908ರ ಕಾಗದದಲ್ಲಿ ಬ್ರಿಟಿಷರು, ಚೀನಾದವರ ಜೊತೆ ಟಿಬೆಟ್ಟಿನ ಮಂತ್ರಿ ತ್ಸಾರಾಂಗ್ ಶಾಪೆಯ ಸಹಿಯೂ ಇದೆ. 1954ರದ್ದರಲ್ಲಿ ಇರುವುದು ಎರಡೇ ಸಹಿ.