ತಿರುವಿನಲ್ಲಿ ಮಾತ್ರ ಹ್ಯಾಂಡಲ್ ನಡುಗುತ್ತಿದ್ದರೆ

ಬೈಕ್ ತಿರುವಿನಲ್ಲಿ ನಡುಗುತ್ತೆ ಅಂದರೆ ಸಾಕು, "ಟೈರ್ ಹೋಗಿದೆ, ಹೊಸದು ಹಾಕ್ಸಿ" ಅನ್ನುತ್ತಾರೆ. ಟೈರ್ ಹೋಗಿರುವುದು ನಿಜವೇ ಇರಬಹುದು. ಆದರೆ ಟೈರ್ ತಾನಾಗೇ ಅಡ್ಡಾದಿಡ್ಡಿ ಸವೆಯುವುದಿಲ್ಲ. ಅದನ್ನು ಹಾಗೆ ಸವೆಸಿದ್ದು ಬೈಕಿನಲ್ಲೇ ಇನ್ನೆಲ್ಲೋ ಕೂತಿರುತ್ತೆ. ಅದನ್ನು ಹುಡುಕದೆ ಸುಮ್ನೆ ಹೊಸ ಟೈರ್ ಹಾಕಿದರೆ ಅದಕ್ಕೂ ಅದೇ ಗತಿ.

ನಾನು ಮೂಡಿಗೆರೆ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವನು. ತೋಟದ ಕೆಲಸಕ್ಕೆ ಚಿಕ್ಕಮಗಳೂರು, ಅಕ್ಕನ ಮನೆಗೆ ಚಾರ್ಮಾಡಿ ಇಳಿದು ಉಜಿರೆ. ಎರಡೂ ಕಡೆ ತಿರುವಿಗೆ ಬರವಿಲ್ಲ. ನನ್ನದು 350 ಸಿಸಿ ಬೈಕು, ಮುಂದೆ 19 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ನಡುಕ ಶುರುವಾಯಿತು. ನೆಟ್ಟಗೆ ಹೋಗುವಾಗ ಏನೂ ಇಲ್ಲ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ, ಅದರಲ್ಲೂ ಬಲಕ್ಕೆ ವಾಲಿಸಿದಾಗ, ಹ್ಯಾಂಡಲ್‌ನಲ್ಲಿ ಗರ್ರ್ ಅಂತ ಸಣ್ಣ ಅದುರು. ಬೈಕ್ ನೆಟ್ಟಗಾದ ಕೂಡಲೇ ಮಾಯ. "ಘಾಟಿ ರಸ್ತೆ ಅಲ್ವಾ, ಹಾಗೇ ಇರುತ್ತೆ" ಅಂದವರೂ ಇದ್ದರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಂಜು ಮುಸುಕಿದ ತಿರುವಿನಲ್ಲಿ ಎದುರಿಗೆ ಬಸ್ಸು ಬರುವ ರಸ್ತೆ ಅದು. ಅಲ್ಲಿ ಹ್ಯಾಂಡಲ್ ಮೇಲೆ ನಂಬಿಕೆ ಇರಲೇಬೇಕು.

ಮೊದಲು ತಿಳಿಯಬೇಕಾದ್ದು, ನಡುಕ ಎಂಜಿನ್ನಿನದೋ ಚಕ್ರದ್ದೋ ಅಂತ. ಇದಕ್ಕೆ ಸಲಕರಣೆ ಏನೂ ಬೇಡ. ಅದೇ ತಿರುವನ್ನು ಅದೇ ವೇಗದಲ್ಲಿ ಒಮ್ಮೆ ಮೂರನೇ ಗೇರ್, ಇನ್ನೊಮ್ಮೆ ನಾಲ್ಕನೇ ಗೇರ್‌ನಲ್ಲಿ ಹೋಗಿ. ಎಂಜಿನ್ ನಡುಕವಾದರೆ ಗೇರ್ ಬದಲಾದ ಹಾಗೆ ಅದರ ಲಯವೂ ಬದಲಾಗುತ್ತೆ. ನನ್ನದು ಬದಲಾಗಲಿಲ್ಲ. ವೇಗ ಇಳಿಸಿದರೆ ಮಾತ್ರ ನಿಧಾನವಾಗುತ್ತಿತ್ತು. ಅಂದರೆ ಚಕ್ರದ ಜೊತೆ ತಿರುಗುವ ಏನೋ ಒಂದು.

ಮನೆಗೆ ಬಂದು ಮುಂದಿನ ಟೈರಿನ ಮೇಲೆ ಅಂಗೈ ಇಟ್ಟು ಸವರಿದೆ. ನಡುಭಾಗ ಸಮ. ಬಲಗಡೆಯ ಅಂಚಿನಲ್ಲಿ ಒಂದು ದಿಕ್ಕಿಗೆ ಸವರಿದರೆ ನುಣುಪು, ಉಲ್ಟಾ ಸವರಿದರೆ ಒಂದೊಂದು ರಬ್ಬರ್ ಗಟ್ಟಿಯ ತುದಿಯೂ ಗರಗಸದ ಹಲ್ಲಿನ ಹಾಗೆ ಕೈಗೆ ತಗುಲುತ್ತಿತ್ತು. ಅಲ್ಲಲ್ಲಿ ಸಣ್ಣ ತಗ್ಗುಗಳೂ ಇದ್ದವು. ಎಡಗಡೆಯೂ ಹಾಗೇ, ಸ್ವಲ್ಪ ಕಡಿಮೆ. ನೇರ ರಸ್ತೆಯಲ್ಲಿ ನಡುಕ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ನೆಟ್ಟಗೆ ಹೋಗುವಾಗ ನೆಲ ಮುಟ್ಟುವುದು ಸಮವಾಗಿರುವ ನಡುಭಾಗ. ವಾಲಿಸಿದಾಗ ಆ ಹಲ್ಲುಗಳೇ ನೆಲಕ್ಕೆ ಬಡಿಯುತ್ತವೆ.

ಬಲಗಡೆ ಯಾಕೆ ಜಾಸ್ತಿ? ನಾವು ರಸ್ತೆಯ ಎಡಭಾಗದಲ್ಲಿ ಓಡಿಸುವವರು. ಎಡ ತಿರುವಿನಲ್ಲಿ ನಮ್ಮದು ಒಳಸುತ್ತು, ಬಲ ತಿರುವಿನಲ್ಲಿ ಹೊರಸುತ್ತು. ಹೊರಸುತ್ತು ಉದ್ದ ಜಾಸ್ತಿ, ವೇಗವೂ ಸ್ವಲ್ಪ ಜಾಸ್ತಿ ಇರುತ್ತೆ. ಹಾಗಾಗಿ ಬಲ ಅಂಚು ಸ್ವಲ್ಪ ಮುಂಚೆ ಸವೆಯುವುದು ಸಹಜ, ಅದಕ್ಕೆ ಗಾಬರಿ ಬೇಡ. ಇಷ್ಟು ಹಲ್ಲು ಬೀಳುವುದು ಮಾತ್ರ ಸಹಜ ಅಲ್ಲ.

ಹಾಸನದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲೇ ಓಡಾಡುವವರ ಟೈರಿನ ಕಥೆ ಬೇರೆ. ಅವರದು ನಡುವೆ ಚಪ್ಪಟೆಯಾಗಿರುತ್ತೆ. ಅಂಥ ಬೈಕ್ ಮುಳ್ಳಯ್ಯನಗಿರಿ ಹತ್ತಲು ಬಂದರೆ, ವಾಲಿಸುವಾಗ ಮೊದಲು ತಡೆದು ಆಮೇಲೆ ತಟ್ಟನೆ ಒಂದು ಕಡೆಗೆ ಬೀಳುತ್ತೆ. ಗಿರಿಯ ದಾರಿಯಲ್ಲಿ ಸಿಗುವ ಕೈಮರ ತಲುಪುವ ಮುಂಚೆಯೇ, ಊರಲ್ಲಿರುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ನಮ್ಮ ಮೆಕ್ಯಾನಿಕ್ ಅಣ್ಣನ ಹತ್ತಿರ ಬೈಕ್ ತಗೊಂಡು ಹೋದೆ. ಟೈರ್ ಮುಟ್ಟಿ ನೋಡಿದವರೇ, "ರೈಟ್ರೇ, ಟೈರ್ ಆಮೇಲೆ ತಗೊಳಿ. ಮೊದ್ಲು ಇದು ಯಾಕೆ ಹಿಂಗೆ ಸವೀತು ಅಂತ ನೋಡಣ" ಅಂದರು. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿ ಮರದ ತುಂಡು ಕೊಟ್ಟು ಮುಂದಿನ ಚಕ್ರ ಎತ್ತಿದರು. ಹ್ಯಾಂಡಲ್ ಅನ್ನು ಎರಡೇ ಬೆರಳಲ್ಲಿ ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ತಿರುಗಿಸಲು ಹೇಳಿದರು. ನಡುವೆ ಬಂದಾಗ ಟಕ್ ಅಂತ ಕೂರುತ್ತಿತ್ತು. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಹೋಗಿತ್ತು. ಬಿಚ್ಚಿದಾಗ ಗ್ರೀಸ್ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಬಾಲ್ ಕೂರುವ ಬಟ್ಟಲಲ್ಲಿ ಸುತ್ತಲೂ ಸಾಲಾಗಿ ಸಣ್ಣ ಗುಳಿಗಳು. ಉಗುರಿಗೆ ಒಂದೊಂದೂ ಸಿಗುತ್ತಿತ್ತು. ಮಳೆಗಾಲದ ಗುಂಡಿಗಳಲ್ಲಿ ಹೊಡೆತ ತಿಂದು, ಪ್ರೆಶರ್ ನೀರಿನಲ್ಲಿ ತೊಳೆಸಿ ಗ್ರೀಸ್ ಕಳೆದುಕೊಂಡರೆ ಹೀಗಾಗುತ್ತೆ. ಹ್ಯಾಂಡಲ್ ಸಲೀಸಾಗಿ ತಿರುಗದಿದ್ದರೆ ಮುಂದಿನ ಚಕ್ರ ತನ್ನ ದಾರಿ ತಾನು ಹಿಡಿಯಲಾರದೆ ಕ್ಷಣಕ್ಷಣವೂ ತಡವರಿಸುತ್ತೆ. ಆ ತಡವರಿಕೆಯನ್ನೆಲ್ಲ ಟೈರ್ ಉಣ್ಣುತ್ತೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಒಳಗಿನ ಆಯಿಲ್ ಕೂಡ ಕಪ್ಪಾಗಿ ನೀರಾಗಿತ್ತು. ಅದು ಹಿಡಿತ ಕಳೆದುಕೊಂಡರೆ ಗುಂಡಿ ದಾಟಿದ ಮೇಲೂ ಚಕ್ರ ಪುಟಿಯುತ್ತಲೇ ಇರುತ್ತೆ, ಟೈರಿನಲ್ಲಿ ತಗ್ಗು ಬೀಳುವುದು ಹೀಗೇ.

ಹಿಂದಿನ ಚಕ್ರ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬುಷ್ ಸವೆದಿದೆಯಾ ಅಂತ ಗೊತ್ತಾಗುತ್ತೆ. ನನ್ನದು ಗಟ್ಟಿ ಇತ್ತು. ವೀಲ್ ಬೇರಿಂಗ್ ಕೂಡ ಸರಿ ಇತ್ತು. ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟುತ್ತಾ ಹೋದರು. ಬಿಗಿ ಇರುವುದು ಟಣ್ ಅನ್ನುತ್ತೆ, ಸಡಿಲವಾದದ್ದು ಮಂಕಾಗಿ ಶಬ್ದ ಮಾಡುತ್ತೆ. ಕೆಲವು ಸಡಿಲ ಇದ್ದವು, ಬಿಗಿ ಮಾಡಿದರು.

ಚಕ್ರಗಳು ಒಂದೇ ಸಾಲಿನಲ್ಲಿವೆಯಾ ಅಂತ ನೋಡಲು ಚೈನ್ ಅಡ್ಜಸ್ಟರ್ ಗುರುತನ್ನೇ ನಂಬಬೇಡಿ. ತೋಟದಲ್ಲಿ ಗಿಡ ನೆಡಲು ಸಾಲು ಹಿಡಿಯುವ ನೈಲಾನ್ ದಾರ ನನ್ನ ಬ್ಯಾಗಲ್ಲಿತ್ತು. ಅದನ್ನು ಹಿಂದಿನ ಟೈರಿಗೆ ಸುತ್ತಿ ಎರಡೂ ಬದಿಯಿಂದ ಮುಂದಕ್ಕೆ ಎಳೆದು ಹಿಡಿದೆವು. ಹಿಂದಿನ ಟೈರ್ ಅಗಲ, ಹಾಗಾಗಿ ಮುಂದಿನ ಟೈರಿನ ಎರಡೂ ಕಡೆ ಸಂದು ಬರುತ್ತೆ. ಆ ಸಂದು ಎರಡೂ ಕಡೆ ಸಮ ಇರಬೇಕು. ನನ್ನ ಬೈಕಲ್ಲಿ ಎಡಗಡೆ ಜಾಸ್ತಿ ಇತ್ತು, ಅಡ್ಜಸ್ಟರ್ ಗುರುತು ಮಾತ್ರ ಎರಡೂ ಕಡೆ ಒಂದೇ!

ಗಾಳಿಯ ವಿಷಯ ಮಲೆನಾಡಿನವರು ಗಮನಿಸಲೇಬೇಕು. ಮಧ್ಯಾಹ್ನ ಬೇಲೂರಿನಿಂದ ಬಿಸಿಲಲ್ಲಿ ಓಡಿಸಿಕೊಂಡು ಬಂದು ಬಂಕಿನಲ್ಲಿ ನೋಡಿಸಿದರೆ ಟೈರ್ ಬಿಸಿಯಾಗಿರುತ್ತೆ, ಗಾಳಿ ಸರಿಯಾಗೇ ತೋರಿಸುತ್ತೆ. 5–6 ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ. ಮಾರನೇ ದಿನ ಬೆಳಗಿನ ಚಳಿಯಲ್ಲಿ ಅದೇ ಟೈರಿಗೆ ಗಾಳಿ ಸಾಲುವುದಿಲ್ಲ. ಗಾಳಿ ಕಡಿಮೆಯಾದರೆ ಅಂಚುಗಳೇ ಬೇಗ ಸವೆಯುತ್ತವೆ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಒಂದು ಸಣ್ಣ ಗೇಜ್ ಮನೆಯಲ್ಲಿಟ್ಟುಕೊಳ್ಳಿ.

ಹೊಸ ಕೋನ್ ಸೆಟ್, ಫೋರ್ಕ್ ಆಯಿಲ್ ಆದ ಮೇಲೂ ಹಳೇ ಟೈರಿನಲ್ಲಿ ನಡುಕ ಸ್ವಲ್ಪ ಉಳಿದಿತ್ತು. ಬಿದ್ದ ಹಲ್ಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲವಲ್ಲ. ಆಮೇಲೇ ಮುಂದಿನ ಟೈರ್ ಬದಲಿಸಿದ್ದು. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 1424 ಅಂದರೆ 2024ರ 14ನೇ ವಾರ ತಯಾರಾದದ್ದು. ಹೊಸ ಟೈರ್ ಮೇಲ್ಮೈ ಮೊದಮೊದಲು ಜಾರುತ್ತೆ, ಮೊದಲ 150 ಕಿ.ಮೀ. ಜಾಸ್ತಿ ವಾಲಿಸಬೇಡಿ. ಹೊಸ ಕೋನ್ ಸೆಟ್ ಕೂಡ ಕೆಲವು ನೂರು ಕಿ.ಮೀ. ಓಡಿದ ಮೇಲೆ ಸ್ವಲ್ಪ ಸಡಿಲವಾಗುತ್ತೆ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ ನೋಡಿ, ಟಕ್ ಟಕ್ ಅಂದರೆ ಮೆಕ್ಯಾನಿಕ್ ಹತ್ತಿರ ಇನ್ನೊಮ್ಮೆ ಬಿಗಿ ಮಾಡಿಸಿ.