ಆನ್‌ಲೈನ್ ಎಂ.ಎಸ್ಸಿ ನರ್ಸಿಂಗ್‌ಗೆ ಐದು ಸಾವಿರ ಕಟ್ಟಿದ ಕಥೆ

ನೈಟ್ ಡ್ಯೂಟಿ ಮುಗಿಸಿ ಮನೆಗೆ ಬಂದು ಇನ್ನೂ ಕಾಲು ತೊಳೆದಿರಲಿಲ್ಲ, ಫೋನ್ ಬಂತು. "ಮೇಡಂ, ಎಂ.ಎಸ್ಸಿ ನರ್ಸಿಂಗ್ ಆನ್‌ಲೈನಲ್ಲೇ ಇದೆ. ಕೆಲಸ ಬಿಡೋದು ಬೇಡ, ಕಾಲೇಜಿಗೆ ಹೋಗೋದು ಬೇಡ. ಇವತ್ತೇ ಸೀಟ್ ಬ್ಲಾಕ್ ಮಾಡಿದ್ರೆ ಫೀಸು ಕಮ್ಮಿ." ಎರಡು ದಿನದ ಹಿಂದೆ, ಬೆಳಗಿನ ಜಾವ ಐಸಿಯು ಸ್ವಲ್ಪ ತಣ್ಣಗಾಗಿದ್ದ ಹೊತ್ತಿನಲ್ಲಿ, ಮೊಬೈಲಿನಲ್ಲಿ ಎಲ್ಲೋ ನನ್ನ ನಂಬರ್ ಕೊಟ್ಟಿದ್ದೆ. ಅದರ ಫಲ ಇದು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಐದು ಸಾವಿರ ಫೋನ್ ಪೇ ಮಾಡಿ ಮಲಗಿಬಿಟ್ಟೆ.

ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಬಿ.ಎಸ್ಸಿ ಮುಗಿಸಿ ಒಂಬತ್ತು ವರ್ಷ ಆಯಿತು. ನಮ್ಮ ಯಜಮಾನರು ಆಲೂರಿನ ಹತ್ತಿರ ಶುಂಠಿ ಹಾಕುತ್ತಾರೆ. ಶುಂಠಿ ರೇಟು ಗೊತ್ತಲ್ಲ, ಒಂದು ವರ್ಷ ಕಾರು ಕೊಡಿಸುತ್ತೆ, ಮರುವರ್ಷ ಅದನ್ನೇ ಮಾರಿಸುತ್ತೆ. ಮನೆ ನಡೆಯೋದು ನನ್ನ ಸಂಬಳದಲ್ಲಿ. ಎರಡು ವರ್ಷ ಕೆಲಸ ಬಿಟ್ಟು ಕಾಲೇಜಿಗೆ ಹೋಗುತ್ತೇನೆ ಅನ್ನೋದು ಬಾಯಲ್ಲಿ ಹೇಳಲಿಕ್ಕೂ ಕಷ್ಟ.

ಸಂಜೆ ಎದ್ದ ಮೇಲೆ ಬುದ್ಧಿ ಬಂತು. ಮತ್ತೆ ಫೋನ್ ಮಾಡಿ ಕೇಳಿದೆ, "ಕ್ಲಿನಿಕಲ್ ಪೋಸ್ಟಿಂಗ್, ಅಂದ್ರೆ ರೋಗಿಗಳ ಹತ್ತಿರ ಮಾಡೋ ತರಬೇತಿ, ಎಲ್ಲಿ ಸರ್?" "ನಿಮ್ಮ ಆಸ್ಪತ್ರೆಯಿಂದಲೇ ಒಂದು ಲೆಟರ್ ತಂದುಕೊಡಿ, ಸಾಕು." "ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಒಪ್ಪುತ್ತಾ?" "ಯೂನಿವರ್ಸಿಟಿಗೆ ಯುಜಿಸಿ ಇದೆ ಮೇಡಂ."

ನಾನು ಕೇಳಿದ್ದೊಂದು, ಅವರು ಹೇಳಿದ್ದೊಂದು. ಕೌನ್ಸಿಲ್ ನೋಡೋದು ನರ್ಸಿಂಗ್ ಶಿಕ್ಷಣವನ್ನು, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನೋಡೋದು ಯೂನಿವರ್ಸಿಟಿಗಳನ್ನು. ಯೂನಿವರ್ಸಿಟಿಗೆ ಯುಜಿಸಿ ಮಾನ್ಯತೆ ಇದ್ದರೆ ಅದು ನಡೆಸುವ ಎಲ್ಲ ಕೋರ್ಸಿಗೂ ಇದೆ ಅಂತ ಅಲ್ಲ. ಅದೇ ಯುಜಿಸಿ 2020ರಲ್ಲಿ ಮಾಡಿದ ದೂರ ಶಿಕ್ಷಣ ಮತ್ತು ಆನ್‌ಲೈನ್ ನಿಯಮಗಳಲ್ಲಿ ಯಾವ್ಯಾವುದನ್ನು ಹೀಗೆ ಕಲಿಸಬಾರದು ಅಂತ ಪಟ್ಟಿ ಕೊಟ್ಟಿದೆ. ಮೆಡಿಕಲ್, ಡೆಂಟಲ್, ಫಾರ್ಮಸಿ, ಫಿಸಿಯೋಥೆರಪಿ ಜೊತೆಗೆ ನರ್ಸಿಂಗ್ ಕೂಡ ಅದರಲ್ಲಿದೆ. ಹಾಗಾಗಿ ಅವರು ಕೊಡುವ ಕಾಗದ ಹಿಡಿದು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆ ಅಂತ ಸೇರಿಸಿಕೊಳ್ಳಿ ಎಂದು ಕೇಳುವ ಹಾಗಿಲ್ಲ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಅಂತೂ ದೂರದ ಮಾತು.

ಐದು ಸಾವಿರ ಇನ್ನೂ ವಾಪಸ್ ಬಂದಿಲ್ಲ. "ಪ್ರೊಸೆಸ್ ಆಗ್ತಿದೆ ಮೇಡಂ."

"ಅಮೆರಿಕದಲ್ಲಿ ಎಲ್ಲರೂ ಆನ್‌ಲೈನಲ್ಲೇ ಮಾಡ್ತಾರಲ್ಲ" ಅಂತ ನಮ್ಮ ವಾರ್ಡಿನಲ್ಲೇ ಒಬ್ಬರು ವಾದ ಮಾಡಿದರು. ಸರಿ, ಟೆಕ್ಸಾಸ್‌ನಲ್ಲಿರುವ ನನ್ನ ಬ್ಯಾಚ್‌ಮೇಟ್‌ಗೆ ವಾಟ್ಸಾಪ್ ಮಾಡಿದೆ. ಅವಳು ಅಲ್ಲಿ ಆಸ್ಪತ್ರೆಯ ಕೆಲಸದ ಜೊತೆಗೆ ಆನ್‌ಲೈನಲ್ಲಿ ಎಂ.ಎಸ್.ಎನ್, ಅಂದರೆ ಅಲ್ಲಿನ ನರ್ಸಿಂಗ್ ಸ್ನಾತಕೋತ್ತರ ಪದವಿ, ಓದುತ್ತಿದ್ದಾಳೆ. ಏಳು ನಿಮಿಷದ ವಾಯ್ಸ್ ಮೆಸೇಜ್ ಬಂತು, ಅದರಲ್ಲಿ ಎರಡು ನಿಮಿಷ ಬರೀ ಅಳು.

ಅಲ್ಲಿ ಆನ್‌ಲೈನ್ ಅಂದರೆ ಪಾಠ ಮಾತ್ರ ಆನ್‌ಲೈನ್. ಸೇರಿಕೊಳ್ಳಲಿಕ್ಕೇ ಅಲ್ಲಿನ ಆರ್.ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಬೇಕು. ಅವಳು ಓದುತ್ತಿರುವುದು ಫ್ಯಾಮಿಲಿ ನರ್ಸ್ ಪ್ರಾಕ್ಟಿಷನರ್, ಅಂದರೆ ರೋಗಿಗಳನ್ನು ಪರೀಕ್ಷಿಸಿ ಚಿಕಿತ್ಸೆಯನ್ನೂ ಕೊಡುವ ನರ್ಸ್ ಆಗುವ ಓದು. 2022ರಲ್ಲಿ ಬಂದ ರಾಷ್ಟ್ರೀಯ ಮಾನದಂಡದ ಪ್ರಕಾರ ಇದಕ್ಕೆ ಕನಿಷ್ಠ 750 ಗಂಟೆ ರೋಗಿಗಳ ಎದುರು ಕೂತು ಕೆಲಸ ಮಾಡಬೇಕು, ಮುಂಚೆ 500 ಇತ್ತು. ಅದಕ್ಕೆ ಮೇಲ್ವಿಚಾರಣೆ ಮಾಡುವವರನ್ನು ಪ್ರಿಸೆಪ್ಟರ್ ಅನ್ನುತ್ತಾರೆ. ಎಷ್ಟೋ ಆನ್‌ಲೈನ್ ಕಾಲೇಜುಗಳು ಆ ಪ್ರಿಸೆಪ್ಟರನ್ನು ನೀವೇ ಹುಡುಕಿಕೊಳ್ಳಿ ಅನ್ನುತ್ತವೆ. ಇವಳು ಕ್ಲಿನಿಕ್‌ಗಳ ಬಾಗಿಲು ತಟ್ಟಿ ತಟ್ಟಿ ಒಂದು ಸೆಮಿಸ್ಟರ್ ಕಳೆದಿದ್ದಾಳೆ. ಅಳು ಅದಕ್ಕೇ. ನರ್ಸಿಂಗ್ ಎಜುಕೇಶನ್, ಲೀಡರ್‌ಶಿಪ್ ತಗೊಂಡವರಿಗೆ ಇಷ್ಟು ಕಷ್ಟ ಇಲ್ಲವಂತೆ.

"ನೀನು ಸೇರೋ ಮುಂಚೆ ಏನೇನು ನೋಡಿದೆ?" ಅಂತ ಕೇಳಿದೆ. ಅಲ್ಲಿ ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಸಿಎನ್ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯಾ, ತನ್ನ ರಾಜ್ಯದ ವಿದ್ಯಾರ್ಥಿಗಳನ್ನು ಆ ಕಾಲೇಜು ತಗೊಳ್ಳುತ್ತಾ, ಒಂದು ಕ್ರೆಡಿಟ್‌ಗೆ ಫೀಸು ಎಷ್ಟು. "ಪ್ರಿಸೆಪ್ಟರ್ ಯಾರು ಕೊಡ್ತಾರೆ ಅಂತ ಮೊದಲು ಕೇಳ್ಬೇಕಿತ್ತು ಕಣೇ, ಅದನ್ನೇ ಬಿಟ್ಟೆ." ಅವಳು ಮರೆತ ಪ್ರಶ್ನೆ, ನಾನು ಮಲಗಿ ಎದ್ದ ಮೇಲೆ ಕೇಳಿದ ಪ್ರಶ್ನೆ, ಎರಡೂ ಒಂದೇ ಅಲ್ವಾ?

ನನಗೆ ಎಂ.ಎಸ್ಸಿ ಯಾಕೆ ಬೇಕು ಅಂತ ಅತ್ತೆ ಕೇಳುತ್ತಾರೆ. ಕಳೆದ ತಿಂಗಳ ಒಂದು ವಿಷಯ ಹೇಳುತ್ತೇನೆ. ನರ್ಸಿಂಗ್ ಮೂರನೇ ವರ್ಷ ಓದುವ ಹುಡುಗಿಯೊಬ್ಬಳು ಪೋಸ್ಟಿಂಗ್‌ಗೆ ಬಂದಿದ್ದಳು. ಬೇಲೂರು ಕಡೆಯ ಒಬ್ಬ ಅಜ್ಜಿಗೆ ಕ್ಯಾನುಲಾ, ಅಂದರೆ ಡ್ರಿಪ್ ಕೊಡುವ ಸಣ್ಣ ಕೊಳವೆ, ಹಾಕಬೇಕಿತ್ತು. ಅಜ್ಜಿಯ ಕೈ ಒಣಗಿದ ಕಡ್ಡಿ ಹಾಗೆ. ನರ ಕಣ್ಣಿಗೆ ಚೆನ್ನಾಗಿ ಕಾಣುತ್ತೆ, ಸೂಜಿ ಮುಟ್ಟಿಸಿದರೆ ಜಾರಿಕೊಳ್ಳುತ್ತೆ. ಹುಡುಗಿ ಎರಡು ಸಲ ಸೋತಳು, ಕೈ ನಡುಗುತ್ತಿತ್ತು. ಅವಳ ಎಡಗೈ ಹೆಬ್ಬೆರಳನ್ನು ಹಿಡಿದು ನರದ ಕೆಳಗೆ ಚರ್ಮವನ್ನು ಬಿಗಿಯಾಗಿ ಎಳೆದು ನಿಲ್ಲಿಸಿದೆ. "ಕಣ್ಣಲ್ಲಿ ನೋಡಬೇಡ, ಬೆರಳಲ್ಲಿ ನೋಡು" ಅಂದೆ. ಒಳಗೆ ಹೋಯಿತು, ರಕ್ತ ಕಾಣಿಸಿತು. "ಅಕ್ಕಾ, ಬಂತು!" ಅಂತ ಕಿರುಚಿದಳು. ಅಜ್ಜಿ, "ಬತ್ತು ಬುಡವ್ವ, ಇನ್ ಸಾಕು" ಅಂದರು. ನನಗೆ ಕಲಿಸುವ ಈ ಕೆಲಸ ಬೇಕು, ದಿನಾ ಬೇಕು.

ಸೋಮವಾರ ರಜೆ ಹಾಕಿ ಇಲ್ಲೇ ಒಂದು ಕಾಲೇಜಿಗೆ ಹೋಗಿ ವಿಚಾರಿಸಿಕೊಂಡು ಬಂದೆ. ರೆಗ್ಯುಲರ್, ಎರಡು ವರ್ಷ. ಬಿ.ಎಸ್ಸಿಯಲ್ಲಿ ಶೇ. 55 ಅಂಕ ಬೇಕು, ನನಗೆ 61 ಇದೆ. ಒಂದು ವರ್ಷದ ಅನುಭವ ಕೇಳುತ್ತಾರೆ, ನನ್ನ ಹತ್ತಿರ ಒಂಬತ್ತು ವರ್ಷದ್ದಿದೆ. ವಿಶೇಷ ವಿಷಯಕ್ಕೆ ಎಲ್ಲರೂ ಮೆಡಿಕಲ್ ಸರ್ಜಿಕಲ್ ತಗೊಳ್ಳಿ ಅನ್ನುತ್ತಾರೆ, ನನಗೆ ಕಮ್ಯುನಿಟಿ ಹೆಲ್ತ್ ಮೇಲೆ ಮನಸ್ಸು. ಇನ್ನೂ ತೀರ್ಮಾನ ಆಗಿಲ್ಲ.

ಫೀಸಿನ ಚೀಟಿ ಫ್ರಿಜ್ ಮೇಲಿದೆ. ಯಜಮಾನರು ದಿನಾ ನೀರು ತಗೊಳ್ಳುವಾಗ ಅದನ್ನು ಒಮ್ಮೆ ಓದುತ್ತಾರೆ, ಏನೂ ಹೇಳಲ್ಲ. ನಿನ್ನೆ ಮಾತ್ರ, "ಈ ಸಲ ಶುಂಠಿ ಬೇಗ ಕಿತ್ತುಬಿಡೋಣ್ವಾ?" ಅಂದರು.